ಭಾವನ ಭಾಷಣ, ನನ್ನ ಪೆನ್ಸಿಲ್ಲು

ನಮ್ಮ ಭಾವ ಈ ರಾಜ್ಯದ ಕಾರ್ಮಿಕ ಮಂತ್ರಿಯಾದದ್ದು ನನ್ನಿಂದ. ಹೀಗೆಂದು ನಾಲ್ಕು ಜನರೆದುರು ಹೇಳಿದರೆ ಅಕ್ಕ ನನ್ನ ಕಿವಿ ಹಿಂಡುತ್ತಾಳೆ, ಅವರ ಪಕ್ಷದವರು ಮೂಗು ಮುರಿಯುತ್ತಾರೆ, ಭಾವ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದರೂ ನಿಜವನ್ನು ಎಷ್ಟು ದಿನ ಅಂತ ಒಳಗಿಟ್ಟುಕೊಳ್ಳುವುದು? ಹೋದ ತಿಂಗಳು ನಿವೃತ್ತಳಾದೆ. ಇನ್ನು ನನ್ನ ಮೇಲೆ ಶಿಸ್ತುಕ್ರಮ ತೆಗೆದುಕೊಳ್ಳುವುದಕ್ಕೆ ಯಾರಿಗೂ ಬರುವುದಿಲ್ಲ.

ಶಾಸನಸಭೆಯಲ್ಲಿ ಸಭಾಧ್ಯಕ್ಷರ ಪೀಠದ ಕೆಳಗೆ ಒಂದು ಉದ್ದನೆಯ ಮೇಜಿದೆ. ಅಲ್ಲಿ ತಲೆ ತಗ್ಗಿಸಿ ಬರೆಯುತ್ತಾ ಕೂರುವವರನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಮೂವತ್ತೊಂದು ವರ್ಷ ಆ ಮೇಜಿನಲ್ಲಿ ಕೂತು, ಶಾಸಕರ ಬಾಯಿಂದ ಬಿದ್ದ ಪ್ರತಿಯೊಂದು ಮಾತನ್ನೂ ಶೀಘ್ರಲಿಪಿಯಲ್ಲಿ ಹಿಡಿದವಳು ನಾನು. ಒಬ್ಬೊಬ್ಬ ವರದಿಗಾರರಿಗೆ ಹತ್ತು ನಿಮಿಷದ ಸರದಿ. ಹತ್ತಾಗುತ್ತಲೇ ಮುಂದಿನವರು ಬೆಕ್ಕಿನ ಹಾಗೆ ಬಂದು ಪಕ್ಕದ ಕುರ್ಚಿಗೆ ಜಾರಿಕೊಳ್ಳುತ್ತಾರೆ. ನಾವು ನೋಟ್‌ಬುಕ್ಕು ಎತ್ತಿಕೊಂಡು ಹಿಂಬಾಗಿಲಿನಿಂದ ನಮ್ಮ ಕೋಣೆಗೆ ಓಡಿ ಅದನ್ನು ಟೈಪು ಮಾಡಬೇಕು. ಹಿರಿಯ ವರದಿಗಾರರು ಕೆಂಪು ಪೆನ್ಸಿಲ್ಲು ಹಿಡಿದು ಅದನ್ನೊಮ್ಮೆ ನೋಡುತ್ತಾರೆ. ಆಮೇಲೆ ಒಂದು ಪ್ರತಿ ಮಾತಾಡಿದ ಶಾಸಕರಿಗೇ ಹೋಗುತ್ತದೆ, ತಪ್ಪಿದ್ದರೆ ತಿದ್ದಿ ಕಳಿಸಲಿ ಅಂತ. ಅವರು ರುಜು ಹಾಕಿದರೆ ಅಚ್ಚಿಗೆ ಹೋಯಿತು.

ನಮ್ಮ ನಿಯಮಗಳ ಪುಸ್ತಕದಲ್ಲಿ ಒಂದು ವಾಕ್ಯವಿದೆ: ವರದಿಗಾರರು ಅಗತ್ಯವಿದ್ದಷ್ಟು ಮಟ್ಟಿಗೆ ಭಾಷೆಯನ್ನು ಸರಿಪಡಿಸಬಹುದು. ಅಗತ್ಯವಿದ್ದಷ್ಟು ಎಂದರೆ ಎಷ್ಟು? ಅದನ್ನು ಬರೆದ ಪುಣ್ಯಾತ್ಮ ಹೇಳಿಲ್ಲ. ನನ್ನ ಅಪರಾಧವೆಲ್ಲ ಆ ಸಂದಿಯಲ್ಲಿ ನಡೆದದ್ದು.

ಭಾವ ಮೊದಲು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ತಗಡಿನ ಪೆಟ್ಟಿಗೆ ಸೈಕಲ್ಲಿಗೆ ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತಿದ್ದ ಮನುಷ್ಯ. ಅವರು ಕಾಲಿಡದ ದರ್ಜಿ ಅಂಗಡಿಯಿಲ್ಲ, ಅವರ ಕೈ ಮುಟ್ಟದ ಯಂತ್ರವಿಲ್ಲ. ಒಂದು ಯಂತ್ರ ಬಿಚ್ಚಿ ಜೋಡಿಸುವ ಹೊತ್ತಿಗೆ ಆ ಮನೆಯ ನಲ್ಲಿ, ನೆರೆಯವರ ಜಗಳ, ಮಗಳ ಶಾಲೆ, ಎಲ್ಲದರ ಕಥೆ ಕೇಳಿ ಮುಗಿಸಿರುತ್ತಿದ್ದರು. ಕೇಳಿದ್ದನ್ನು ಮರೆಯುತ್ತಲೂ ಇರಲಿಲ್ಲ, ಮರುದಿನವೇ ನಲ್ಲಿಯವನನ್ನು ಎಳೆದುಕೊಂಡು ಬರುತ್ತಿದ್ದರು. ಹಾಗಾಗಿ ಅಂಗಡಿ ಕೆಲಸಗಾರರ ಸಂಘದವರು ಅವರನ್ನು ಚುನಾವಣೆಗೆ ನಿಲ್ಲಿಸಿದಾಗ ನಮ್ಮ ಮನೆಯವರು ಬಿಟ್ಟರೆ ಬೇರೆ ಯಾರಿಗೂ ಆಶ್ಚರ್ಯವಾಗಲಿಲ್ಲ. ಇನ್ನೂರ ಹನ್ನೆರಡು ಮತಗಳಿಂದ ಗೆದ್ದರು. ಗೆದ್ದ ದಿನವೂ ಒಂದು ಯಂತ್ರಕ್ಕೆ ಎಣ್ಣೆ ಬಿಟ್ಟು ಬಂದೇ ಮೆರವಣಿಗೆಯ ಗಾಡಿ ಹತ್ತಿದರು.

ಎಲ್ಲ ಸರಿ, ಒಂದೇ ತೊಂದರೆ. ಭಾವನಿಗೆ ಮಾತು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದರೆ, ಬಂದರೆ ನಿಲ್ಲುತ್ತಿರಲಿಲ್ಲ. ಒಂದು ಮಾತು ಶುರು ಮಾಡಿ ಅದನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಮೂರನೆಯದಕ್ಕೆ ಹಾರಿ, ಮೊದಲನೆಯದು ನೆನಪಾಗಿ ಹಿಂದಕ್ಕೆ ಬಂದು, "ಇರಲಿ, ಅದು ಬೇಡ" ಎಂದುಬಿಡುತ್ತಿದ್ದರು. ಬೀದಿಯಲ್ಲಿ ಅದು ನಡೆಯುತ್ತಿತ್ತು, ಜನ ಅವರ ಕೈ ನೋಡುತ್ತಿದ್ದರು. ಸದನದಲ್ಲಿ ಏನು ಮಾಡುವುದು? ನಮ್ಮ ಕೋಣೆಯಲ್ಲಿ ಅವರಿಗೆ ಸಿಕ್ಕಿನುಂಡೆ ಎಂದು ಹೆಸರಿಟ್ಟರು. ಭಾವ ಮಾತಿಗೆ ಎದ್ದರೆಂದರೆ ಪತ್ರಕರ್ತರು ಕ್ಯಾಂಟೀನಿಗೆ ಹೊರಡುತ್ತಿದ್ದರು, ಅರ್ಧ ಸದನ ಅವರ ಹಿಂದೆಯೇ. ಸಭಾಧ್ಯಕ್ಷರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಕಲಿತಿದ್ದರು. ಉಳಿದವಳು ನಾನು, ನನ್ನ ಪೆನ್ಸಿಲ್ಲು.

ಅಕ್ಕನ ಗಂಡ ನೋಡಿ. ನಾಳೆ ಅಚ್ಚಾದ ಪುಟದಲ್ಲಿ ಅವರು ಪೆದ್ದನ ಹಾಗೆ ಕಂಡರೆ ಅಕ್ಕನ ಮುಖ ಹೇಗೆ ನೋಡಲಿ? ಮೊದಲ ದಿನ ಒಂದೆರಡು ಕಡೆ ಕತ್ತರಿ ಹಾಕಿದೆ. ಎರಡನೆಯ ದಿನ ಇಸ್ತ್ರಿ ಹಾಕಿದೆ. ಆರು ತಿಂಗಳಾಗುವ ಹೊತ್ತಿಗೆ ಭಾವ ಇಪ್ಪತ್ತು ನಿಮಿಷ ತಡವರಿಸಿದ್ದನ್ನು ನಾನು ಒಂದೂವರೆ ಪುಟದ ಮುತ್ತಿನಂಥ ಗದ್ಯ ಮಾಡಿ ಕಳಿಸುತ್ತಿದ್ದೆ. ಭಾವನ ಸರದಿಯೆಂದರೆ ಸಹೋದ್ಯೋಗಿಗಳು ಖುಷಿಯಿಂದ ನನಗೇ ಬಿಟ್ಟುಕೊಡುತ್ತಿದ್ದರು. ನಿಜ ಹೇಳುತ್ತೇನೆ, ಆ ಕೆಲಸ ನನಗೆ ಬಹಳ ಇಷ್ಟವಾಗಿತ್ತು. ಬೇರೆಯವರ ಭಾಷಣ ಬರೆದುಕೊಳ್ಳುವಾಗ ನಾನು ಗುಮಾಸ್ತೆ, ಭಾವನದು ಬರೆಯುವಾಗ ರಾಣಿ.

ಕ್ಯಾಂಟೀನಿನಿಂದ ಬಂದ ಪತ್ರಕರ್ತರು ಸಂಜೆ ನಮ್ಮ ಪ್ರತಿ ನೋಡಿಯೇ ಸುದ್ದಿ ಬರೆಯುತ್ತಿದ್ದರು. "ನಿಲ್ಲುವುದು ಶಿಸ್ತಲ್ಲ, ಕೂರುವುದು ಸೋಮಾರಿತನವಲ್ಲ" ಎಂದು ಭಾವ ಹೇಳಿದ್ದಾಗಿ ಮುಖಪುಟದಲ್ಲಿ ಬಂತು. ಭಾವ ಅದನ್ನು ಓದಿ, ತಾವೇ ಬೆರಗಾಗಿ, ಕತ್ತರಿಸಿ ಗೋಡೆಗೆ ಅಂಟಿಸಿದರು. ಅವರ ಪ್ರಕಾರ ಅವರು ಹೇಳಿದ್ದು ಅದನ್ನೇ. ನಮ್ಮಿಂದ ಹೋದ ಪ್ರತಿಗಳಿಗೆ ಪ್ರತಿ ಸಲವೂ ಖುಷಿಯಿಂದ ರುಜು ಹಾಕಿ ಕಳಿಸುತ್ತಿದ್ದರು. ಮೂರನೆಯ ಸಲ ಗೆದ್ದಾಗ ಹೊಸ ಮುಖ್ಯಮಂತ್ರಿ ಅವರನ್ನು ಕರೆದರು. ಮುಖ್ಯಮಂತ್ರಿಗಳು ಸದನಕ್ಕೆ ಬರುವುದಕ್ಕಿಂತ ಕಾರಿನಲ್ಲಿ ಕೂತು ಅಚ್ಚಾದ ನಡಾವಳಿ ಓದುವುದೇ ಹೆಚ್ಚು. "ಇಷ್ಟು ಖಚಿತವಾಗಿ ಮಾತಾಡೋರು ನಮ್ಮಲ್ಲಿ ಯಾರಿದಾರೆ?" ಎಂದು ಕಾರ್ಮಿಕ ಖಾತೆ ಕೊಟ್ಟರು.

ಭಾವನಿಗೆ ಮಂತ್ರಿಗಿರಿಯ ಆಸೆಯೇನೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಕಾನೂನು. ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕೂರುವುದಕ್ಕೆ ಒಂದು ಆಸನ ಇಡಬೇಕು, ಗಿರಾಕಿ ಇಲ್ಲದಾಗ ಅವರು ಕೂತರೆ ಯಾರೂ ಗದರಿಸಬಾರದು. ಎರಡೇ ಕಲಮು. ಶಾಸಕರಾದ ಮೊದಲ ವರ್ಷದಿಂದ ಅದನ್ನೇ ಜಪಿಸುತ್ತಿದ್ದರು. ಕಾರಣ ನಮ್ಮ ಅಕ್ಕ. ಪೇಟೆಯ ದೊಡ್ಡ ಬಟ್ಟೆ ಅಂಗಡಿಯ ಮೂರನೆಯ ಮಹಡಿಯಲ್ಲಿ ಅಕ್ಕ ಹತ್ತೊಂಬತ್ತು ವರ್ಷ ನಿಂತಿದ್ದಳು. ಬೆಳಿಗ್ಗೆ ಒಂಬತ್ತೂವರೆಗೆ ನಿಂತರೆ ಊಟದ ಇಪ್ಪತ್ತು ನಿಮಿಷ ಬಿಟ್ಟು ರಾತ್ರಿ ಎಂಟರವರೆಗೆ. ಗೋಡೆಗೆ ಒರಗಿದರೆ ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು. ಮೊದಲ ಸಲ ಮಂಡಿಸಿದಾಗ ಮಸೂದೆ ಬಿದ್ದುಹೋಗಿತ್ತು. ಈಗ ಮಂತ್ರಿಯಾಗಿ ತಾವೇ ಮಂಡಿಸುವ ದಿನ ಬಂತು, ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ.

ಅದೇ ಹೊತ್ತಿಗೆ ಸರ್ಕಾರದವರಿಗೆ ಏನು ತಲೆಗೇರಿತೋ, ಆ ವಾರದಿಂದ ಸದನದ ಕಲಾಪವನ್ನು ಟೀವಿಯಲ್ಲಿ ನೇರ ತೋರಿಸುತ್ತೇವೆ ಎಂದು ಘೋಷಿಸಿಬಿಟ್ಟರು. ನೇರ ಪ್ರಸಾರಕ್ಕೆ ಇಸ್ತ್ರಿ ಹಾಕುವವರು ಯಾರು ಎಂಬ ಚಿಂತೆ ನನಗೆ ಹತ್ತಿತು. ಭಾವ ಮಾತ್ರ ಹೊಸ ಕೋಟು ಹೊಲಿಸಿಕೊಂಡರು.

ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಭಾವ ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಕೈಯಲ್ಲಿ ಅಚ್ಚಾದ ಹಳೆಯ ನಡಾವಳಿಯ ದಪ್ಪ ಪುಸ್ತಕ. ಅಕ್ಕ ಮೇಜಿನ ಹತ್ತಿರ ಕಾಲು ಚಾಚಿ ಕೂತು ಬಟಾಣಿ ಸುಲಿಯುತ್ತಿದ್ದಳು.

"ದುಡಿಮೆಯ ಘನತೆ... ದುಡಿಮೆಯ ಘನತೆಯು ದುಡಿಯುವವನ..." ಭಾವ ತಡೆದು ನಿಂತರು. "ಥತ್. ಮತ್ತೆ ಹೋಯ್ತು."

"ಏನ್ ಭಾವ, ಪರೀಕ್ಷೆಗೆ ಓದ್ತಿದೀರಾ?" ಎಂದೆ.

ಅವರು ನಗಲಿಲ್ಲ. ನನ್ನನ್ನು ಕಿಟಕಿಯ ಹತ್ತಿರ ಕರೆದು, ತಾವೇ ಇಟ್ಟ ಅಡ್ಡಹೆಸರು ಹಿಡಿದು ಮೆಲ್ಲಗೆ ಹೇಳಿದರು. "ನೋಡು ಪೆನ್ಸಿಲ್ಲು, ನಿನ್ ಹತ್ರ ಮುಚ್ಚಿಡೋದೇನು. ಹನ್ನೆರಡು ವರ್ಷದ ಹಿಂದೆ ಈ ಭಾಷಣಾನ ನಾನು ಒಂದು ಚೀಟೀನೂ ಇಲ್ದೆ ಒಂದೇ ಉಸಿರಲ್ಲಿ ಹೇಳಿದೀನಿ. ಈಗ ಎರಡು ಸಾಲು ಬಾಯಲ್ಲಿ ನಿಲ್ತಿಲ್ಲ. ನಾಳೆ ಡಾಕ್ಟರ ಹತ್ರ ಹೋಗ್ತಿದೀನಿ. ತಲೆ ಹೋಗ್ತಾ ಇದೆ ನಂದು. ಅಕ್ಕನಿಗೆ ಹೇಳ್ಬೇಡ."

ಅವರ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು. ಇಷ್ಟು ವರ್ಷ ನಾನು ಮಾಡಿದ ಉಪಕಾರ ನೋಡಿ, ಗಟ್ಟಿಮುಟ್ಟಾದ ಮನುಷ್ಯನನ್ನು ಡಾಕ್ಟರ ಬಾಗಿಲಿಗೆ ತಂದು ನಿಲ್ಲಿಸಿದ್ದೆ.

"ಭಾವ, ನಿಮ್ಮ ತಲೆ ಸರಿಯಾಗೇ ಇದೆ," ಎಂದೆ. "ಅದು ನೀವು ಹೇಳಿದ ಭಾಷಣ ಅಲ್ಲ. ನಾನು ಬರೆದದ್ದು."

"ಬರ್ಕೊಂಡಿದ್ದು ನೀನೇ. ಅದು ಗೊತ್ತು."

"ಬರ್ಕೊಂಡಿದ್ದಲ್ಲ ಭಾವ. ಬರೆದದ್ದು."

ಅರ್ಥವಾಗುವುದಕ್ಕೆ ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಂಬಲಿಲ್ಲ. "ಸುಮ್ನಿರು, ತಮಾಷೆ ಮಾಡ್ಬೇಡ. ನಾನು ಮಾತಾಡಿದ್ದು ನನಗೆ ಗೊತ್ತಿಲ್ವಾ?" ಎಂದು ಗೋಡೆಯ ಮೇಲಿನ ಕತ್ತರಿಸಿದ ಪತ್ರಿಕೆ ತೋರಿಸಿದರು. ನನ್ನ ಹಳೆಯ ನೋಟ್‌ಬುಕ್ಕುಗಳೆಲ್ಲ ಎರಡು ಬೀದಿ ಆಚೆ ನನ್ನ ಮನೆಯ ಅಟ್ಟದಲ್ಲೇ ಇದ್ದವು. ಓಡಿಹೋಗಿ ಆ ದಿನದ್ದನ್ನು ಹುಡುಕಿ ತಂದೆ. ಧೂಳು ಕೊಡವಿ, ಕನ್ನಡಕ ಹಾಕಿಕೊಂಡು, ಆ ಸೊಟ್ಟ ಗೆರೆಗಳನ್ನು ಒಂದಕ್ಷರ ಬಿಡದೆ ಓದತೊಡಗಿದೆ.

"ಸಭಾಧ್ಯಕ್ಷರೇ, ಈ ನಿಂತ್ಕೊಳ್ಳೋದು ಅನ್ನೋದು ಇದೆಯಲ್ಲ, ಅಲ್ಲ, ಮೊದಲು ಸ್ಟೂಲಿಂದು ಹೇಳ್ತೀನಿ. ಅದಕ್ಕೂ ಮುಂಚೆ, ನಾನು ಆ ಅಂಗಡಿಗೆ ಯಾಕೆ ಹೋದೆ ಅಂದ್ರೆ, ಮೂರನೇ ಮಹಡೀಲಿ ಒಂದು ಮಿಷನ್ನು, ಅದರ ತಿರುಪು ಸವೆದಿತ್ತು, ಚಿಕ್ಕ ತಿರುಪು, ಈ ಮೇಜಿನ ಮೇಲಿಟ್ರೆ ನಿಮಗೆ ಕಾಣೋದೇ ಇಲ್ಲ, ಇರಲಿ, ಅದು ಬೇಡ. ನಾನು ರಿಪೇರಿಗೆ ಕೂರೋಕೆ ಅಂತ ನನ್ನದೇ ಒಂದು ಸ್ಟೂಲು ತಗೊಂಡು ಹೋಗ್ತಿದ್ದೆ. ಅಲ್ಲೊಬ್ಬ ಹುಡುಗಿ ಒಂದು ಕಾಲಲ್ಲಿ ನಿಂತಿದ್ಳು. ಕೊಕ್ಕರೆ ಥರ. ಇನ್ನೊಂದು ಕಾಲನ್ನ ಬಟ್ಟೆ ಸುತ್ತೋ ಕೊಳವೆ ಮೇಲಿಟ್ಟು. ಸ್ವಲ್ಪ ಹೊತ್ತಿಗೆ ಕಾಲು ಬದಲಾಯಿಸೋಳು. ನಾನು ಎಣಿಸ್ದೆ ಸಭಾಧ್ಯಕ್ಷರೇ, ಆ ತಿರುಪು ಹಾಕೋಷ್ಟರಲ್ಲಿ ನಲವತ್ತು ಸಲ..."

ಅಕ್ಕ ನಗತೊಡಗಿದ್ದಳು. ಬಟಾಣಿ ನೆಲದ ತುಂಬ ಉರುಳಿತು. "ಅಯ್ಯೋ, ಇದೇ ಕಣೇ ನಮ್ಮನೆಯವರು! ಇದೇ, ಇದೇ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ನಕ್ಕೆ. ಭಾವ ನಗಲಿಲ್ಲ. ಅವರ ಮುಖ ನೋಡನೋಡುತ್ತ ಸಣ್ಣದಾಯಿತು.

"ಹಿಂಗೇನಾ ನಾನು ಮಾತಾಡೋದು? ಇಷ್ಟು ವರ್ಷ?" ಎಂದರು. "ಪಾಪ, ಅವರು ಕ್ಯಾಂಟೀನಿಗೆ ಹೋಗ್ದೆ ಇನ್ನೇನ್ ಮಾಡ್ತಾರೆ," ಎಂದು ತಮಗೆ ತಾವೇ ಹೇಳಿಕೊಂಡು ಒಳಗಿನ ಕೋಣೆಗೆ ಹೋದರು. ಅಲ್ಲಿಂದ ಯಂತ್ರ ಬಿಚ್ಚುವ ಸದ್ದು ಕೇಳಿಸಿತು. ಅಕ್ಕನ ಹೊಲಿಗೆ ಯಂತ್ರಕ್ಕೆ ಏನೂ ಆಗಿರಲಿಲ್ಲ. ಮನಸ್ಸು ಕೆಟ್ಟರೆ ಭಾವ ಸರಿಯಿರುವ ಯಂತ್ರವನ್ನೇ ಬಿಚ್ಚುತ್ತಾರೆ.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯೆಲ್ಲ ಎಣ್ಣೆ. "ಮಸೂದೇನ ಹಣಕಾಸು ಮಂತ್ರಿಗೆ ಒಪ್ಪಿಸ್ತೀನಿ. ಅವರೇ ಮಂಡಿಸಲಿ. ಅವರಿಗೆ ಮಾತು ಬರತ್ತೆ."

ಹಣಕಾಸು ಮಂತ್ರಿಗೆ ಮಾತು ಬರುತ್ತದೆ, ನಿಜ. ಅವರ ಅಷ್ಟೂ ಮಾತನ್ನು ನಾನೇ ಬರೆದುಕೊಂಡಿದ್ದೇನೆ. ಯಾವ ಮಸೂದೆ ಕೈಗೆ ಬಂದರೂ ಹತ್ತು ನಿಮಿಷ ಹೊಗಳಿ, "ಇನ್ನಷ್ಟು ಅಧ್ಯಯನಕ್ಕಾಗಿ ಸಮಿತಿಗೆ ಒಪ್ಪಿಸೋಣ" ಎಂದು ಮುಗಿಸುತ್ತಾರೆ. ಆ ಸಮಿತಿಯ ಕಪಾಟಿಗೆ ಹೋದ ಕಾಗದ ತಿರುಗಿ ಬಂದದ್ದನ್ನು ನಾನು ನೋಡಿಲ್ಲ. ಇದು ಭಾವನಿಗೂ ಗೊತ್ತು. ಗೊತ್ತಿದ್ದೂ ಹೇಳುತ್ತಿದ್ದಾರೆ ಎಂದರೆ ಆ ಮನುಷ್ಯ ಒಳಗೆ ಎಷ್ಟು ಕುಗ್ಗಿರಬೇಕು! ಒಳ್ಳೆಯ ಗದ್ಯದ ಚಪಲಕ್ಕೆ ಬಿದ್ದು ಅವರ ಜೀವಮಾನದ ಕೆಲಸಕ್ಕೆ ನಾನೇ ಕಲ್ಲು ಹಾಕಿದ್ದೆ.

ಅಕ್ಕ ನಗು ನಿಲ್ಲಿಸಿದ್ದಳು. "ಆ ನಲವತ್ತು ಸಲದ್ದು ಮುಂದಕ್ಕೆ ಓದು," ಎಂದಳು.

ಓದಿದೆ. ಭಾವ ತಮ್ಮ ಸ್ಟೂಲನ್ನು ಆ ಹುಡುಗಿಯ ಕಡೆ ತಳ್ಳಿದ್ದು, ಅವಳು ಬೇಡ ಬೇಡವೆಂದು ಕಡೆಗೆ ಕೂತದ್ದು, ಎರಡು ನಿಮಿಷ ಕೂತಿರಬಹುದು, ಮಾಲೀಕ ಬಂದು ಸ್ಟೂಲನ್ನು ಎತ್ತಿ ಮೆಟ್ಟಿಲ ಕೆಳಗೆ ಎಸೆದದ್ದು. ಅದರ ಒಂದು ಕಾಲು ಮುರಿದದ್ದು. ಅದೇ ಹುಡುಗಿಯನ್ನು ಮದುವೆಯಾದ ಮೇಲೆ ರಾತ್ರಿ ಬಿಸಿನೀರಿನ ಬಕೆಟ್ಟಿನಲ್ಲಿ ಅವಳ ಊದಿದ ಕಾಲು ಇಳಿಬಿಟ್ಟಾಗ ನೀರು ಅಂಚಿನವರೆಗೆ ಏರುತ್ತಿದ್ದದ್ದು, ರಜೆಯ ಭಾನುವಾರ ಮಾತ್ರ ಅಷ್ಟು ಏರದೆ ಇದ್ದದ್ದು. ಸಿಕ್ಕು ಸಿಕ್ಕಾಗಿ, ಹಿಂದುಮುಂದಾಗಿ, ಎಲ್ಲ ಅಲ್ಲಿತ್ತು.

ಅಕ್ಕ ಅಚ್ಚಾದ ಪುಸ್ತಕ ತೆಗೆದುಕೊಂಡು ಆ ಪುಟವನ್ನು ಮೇಲಿಂದ ಕೆಳಗೆ ಬೆರಳಿಟ್ಟು ಓದಿದಳು. ಎರಡು ಸಲ ಓದಿದಳು. "ಇದರಲ್ಲಿ ನಾನೆಲ್ಲಿದೀನಿ?" ಎಂದು ಕೇಳಿದಳು.

ಇರಲಿಲ್ಲ. ವಿಷಯಕ್ಕೆ ಸಂಬಂಧಪಡದ್ದು ಎಂದು ಸ್ಟೂಲನ್ನೂ ಬಕೆಟ್ಟನ್ನೂ ನಲವತ್ತು ಸಲ ಕಾಲು ಬದಲಾಯಿಸಿದ ಹುಡುಗಿಯನ್ನೂ ನಾನು ತೆಗೆದುಹಾಕಿದ್ದೆ. ಅದರ ಜಾಗದಲ್ಲಿ ದುಡಿಮೆಯ ಘನತೆ ಎಂದು ಬರೆದಿದ್ದೆ. ಮೊದಲ ಸಲ ಮಸೂದೆ ಯಾಕೆ ಬಿತ್ತು ಎಂಬುದಕ್ಕೆ ನೂರು ಕಾರಣ ಹೇಳುತ್ತಿದ್ದವಳು ನಾನು, ಈ ಕಾರಣ ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ಸ್ವಂತ ಅಕ್ಕನನ್ನು ಅನಗತ್ಯ ಎಂದು ಹೊಡೆದುಹಾಕಿದ ತಂಗಿ ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಅಕ್ಕ ಎದ್ದು ಒಳಗಿನ ಕೋಣೆಗೆ ಹೋದಳು. ಭಾವ ಆಗಲೇ ಅಲ್ಲಿಗೆ ಮರಳಿ, ಹಣಕಾಸು ಮಂತ್ರಿಗೆ ಹೇಳಲು ಫೋನು ಹಿಡಿದು ಕೂತಿದ್ದರು.

"ರೀ, ಫೋನಿಡಿ. ಅಲ್ಲಿ ನಿಂತೋಳು ನಾನು. ನನ್ನ ಪರವಾಗಿ ಮಾತಾಡೋಕೆ ಹಣಕಾಸು ಮಂತ್ರಿ ಯಾರು? ಅವರು ನನ್ನ ಕಾಲು ನೋಡಿದಾರಾ?"

"ಛೆ! ಅವರ್ಯಾಕೆ ನಿನ್ನ ಕಾಲು ನೋಡ್ತಾರೆ!" ಭಾವನಿಗೆ ಸಿಟ್ಟೇ ಬಂತು.

"ಅದಕ್ಕೇ ಹೇಳಿದ್ದು. ನೋಡಿದೋರು ಮಾತಾಡಿ. ಹೆಂಗ್ ಬರತ್ತೋ ಹಂಗೆ."

"ಟೀವೀಲಿ ಎಲ್ಲರೂ ನಗ್ತಾರಲ್ಲೇ."

"ನಾನೂ ಈಗ ನಕ್ಕೆ. ಆಮೇಲೆ ಏನಾಯ್ತು?" ಎಂದಳು ಅಕ್ಕ. ಭಾವ ಅವಳ ಮುಖ ನೋಡಿದರು. ಅತ್ತು ಕೆಂಪಾದ ಕಣ್ಣು ಅವರಿಗೆ ಆಗ ಕಂಡಿರಬೇಕು. ಫೋನು ಕೆಳಗಿಟ್ಟರು. ಅದರ ಮೇಲೆಲ್ಲ ಎಣ್ಣೆ ಬೆರಳು ಮೂಡಿತ್ತು.

ಮಂಗಳವಾರ ಸದನ ತುಂಬಿತ್ತು. ಟೀವಿಯ ದೆಸೆಯಿಂದ ಎಲ್ಲರೂ ಕ್ರಾಪು ತೆಗೆದು ಬಂದಿದ್ದರು. ಪತ್ರಕರ್ತರಿಗೆ ಕ್ಯಾಂಟೀನಿಗೆ ಹೋಗುವ ಧೈರ್ಯವಿರಲಿಲ್ಲ. ಮೇಲಿನ ಪ್ರೇಕ್ಷಕರ ಸಾಲಿನಲ್ಲಿ ಅಕ್ಕ ಕೂತಿದ್ದಳು. ನಾನು ಮೂರು ಪೆನ್ಸಿಲ್ಲು ಚೂಪು ಮಾಡಿಕೊಂಡು ಮೇಜಿಗೆ ಬಂದೆ.

ಭಾವ ಎದ್ದರು. ಕೈಯಲ್ಲಿ ಚೀಟಿಯಿರಲಿಲ್ಲ. "ಸಭಾಧ್ಯಕ್ಷರೇ, ಈ ಕುರ್ಚಿ ಅನ್ನೋದು... ಅಲ್ಲ, ಅದಕ್ಕೂ ಮುಂಚೆ..." ಎಂದು ಶುರು ಮಾಡಿದರು. ಎರಡೇ ನಿಮಿಷದಲ್ಲಿ ವಿರೋಧ ಪಕ್ಷದ ಸಾಲಿನಲ್ಲಿ ಕಿಸಕಿಸ ಎದ್ದಿತು. ಅಚ್ಚಿನಲ್ಲಿ ಮಾತ್ರ ಭಾವನನ್ನು ಬಲ್ಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ "ಮಂತ್ರಿಗಳು ವಿಷಯಕ್ಕೆ ಬರಲಿ" ಎಂದು ಕೂಗಿದರು.

"ಬರ್ತಿದೀನಿ ಸ್ವಾಮಿ. ದಾರಿ ಸ್ವಲ್ಪ ಸುತ್ತು," ಎಂದರು ಭಾವ.

ಸದನ ಗೊಳ್ಳೆಂದು ನಕ್ಕಿತು. ಆ ನಗುವಿನಲ್ಲಿ ಕುಹಕ ಅರ್ಧ, ಪ್ರೀತಿ ಅರ್ಧ. ಭಾವ ಸವೆದ ತಿರುಪಿನಿಂದ ಸ್ಟೂಲಿಗೆ ಬಂದರು, ಸ್ಟೂಲಿನಿಂದ ಕೊಳವೆಗೆ, ಅಲ್ಲಿಂದ ತಪ್ಪಿ ನಲ್ಲಿಗೆ, ಮತ್ತೆ ಸ್ಟೂಲಿಗೆ. ನನ್ನ ಪೆನ್ಸಿಲ್ಲು ಹಿಂದೆಯೇ ಓಡಿತು, ಒಂದು "ಇರಲಿ"ಯನ್ನೂ ಬಿಡದೆ. ನನ್ನ ಹತ್ತು ನಿಮಿಷ ಮುಗಿಯಿತು. ಮುಂದಿನವರು ಬಂದು ಕೂತರು. ನಾನು ಏಳಲಿಲ್ಲ. ಅವರು ನನ್ನನ್ನೊಮ್ಮೆ ನೋಡಿ ತಾವೂ ಬರೆಯತೊಡಗಿದರು. ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ನಲವತ್ತು ಸಲ ಎಂಬಲ್ಲಿಗೆ ಬರುವಾಗ ಸದನದಲ್ಲಿ ಫ್ಯಾನಿನ ಸದ್ದು ಕೇಳಿಸುತ್ತಿತ್ತು.

ಭಾವನಿಗೆ ವಯಸ್ಸಾಗಿದೆ. ಇಪ್ಪತ್ತು ನಿಮಿಷ ದಾಟಿದ ಮೇಲೆ ಮೊಣಕಾಲು ಸೋತಿರಬೇಕು, ಮೇಜಿಗೆ ಕೈ ಊರಿದರು. ಇಂಥ ಸಂದರ್ಭಕ್ಕೆ ಸದನದಲ್ಲೊಂದು ಹಳೆಯ ಮರ್ಯಾದೆಯಿದೆ. ಸಭಾಧ್ಯಕ್ಷರು ಮುಂದಕ್ಕೆ ಬಾಗಿ, ಎಷ್ಟೋ ಸಲ ಎಷ್ಟೋ ಹಿರಿಯರಿಗೆ ಹೇಳಿದ ಮಾತನ್ನೇ ಹೇಳಿದರು. "ಮಾನ್ಯ ಮಂತ್ರಿಗಳು ಬೇಕಾದರೆ ಕೂತೇ ಮಾತಾಡಬಹುದು."

ಭಾವ ಅವರ ಕಡೆ ತಿರುಗಿದರು. ಅವರ ಬಾಯಿಂದ ಆ ದಿನ ಮೊದಲ ಸಲ ಒಂದು ಮಾತು ಶುರುವಾಗಿ ನೇರವಾಗಿ ಹೋಗಿ ಮುಗಿಯಿತು.

"ಸಭಾಧ್ಯಕ್ಷರೇ, ಈ ಮಾತನ್ನ ನನ್ನ ಹೆಂಡತಿಗೆ ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಹೇಳಲಿಲ್ಲ."

ಮೂವತ್ತೊಂದು ವರ್ಷದಲ್ಲಿ ನನ್ನ ಪೆನ್ಸಿಲ್ಲು ಸದನದಲ್ಲಿ ನಿಂತದ್ದು ಅದೊಂದೇ ಸಲ. ಪುಣ್ಯಕ್ಕೆ ಪಕ್ಕದವರು ಬರೆದುಕೊಂಡಿದ್ದರು. ವಿರೋಧ ಪಕ್ಷದ ನಾಯಕರು ಕನ್ನಡಕ ತೆಗೆದು ಒರೆಸುತ್ತಿದ್ದರು. ಹಣಕಾಸು ಮಂತ್ರಿ ಸಮಿತಿಯ ವಿಷಯ ಎತ್ತಲು ಎದ್ದವರು ಸುತ್ತ ನೋಡಿ ಹಾಗೆಯೇ ಕೂತರು. ಭಾವ ಮಾತ್ರ ಕೂರಲಿಲ್ಲ, ಬಕೆಟ್ಟಿನ ವಿಷಯ ಹೇಳಿ ಮುಗಿಸುವವರೆಗೂ ನಿಂತೇ ಇದ್ದರು. ಮತಕ್ಕೆ ಹಾಕಿದಾಗ "ಹೌದು" ಎಂಬ ಕೂಗು ಎರಡೂ ಕಡೆಯಿಂದ ಎದ್ದಿತು. "ಇಲ್ಲ" ಎನ್ನುವವರಿಗಾಗಿ ಸಭಾಧ್ಯಕ್ಷರು ಎರಡು ಸಲ ಕೇಳಿದರು, ಯಾರೂ ಇರಲಿಲ್ಲ. ನಾನು ಮೇಲೆ ನೋಡಿದೆ. ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಆ ದಿನ ನಾನು ಇದ್ದದ್ದನ್ನು ಇದ್ದ ಹಾಗೆ ಟೈಪು ಮಾಡಿದೆ. ಹದಿನಾಲ್ಕು ಪುಟವಾಯಿತು. ಹಿರಿಯ ವರದಿಗಾರರು ಕೆಂಪು ಪೆನ್ಸಿಲ್ಲು ಹಿಡಿದು ಮೊದಲ ಪುಟ ನೋಡಿ ಹುಬ್ಬು ಗಂಟಿಕ್ಕಿದರು, ಐದನೆಯ ಪುಟದಲ್ಲಿ ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡರು, ಕೊನೆಯ ಪುಟ ಮುಗಿಸಿ ಮೂಗು ಸೀಟಿಕೊಂಡರು. ಮರುದಿನ ಭಾವನ ರುಜುವಿನೊಂದಿಗೆ ಪ್ರತಿ ಹಿಂದಕ್ಕೆ ಬಂತು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅದರಲ್ಲೊಂದು ತಿದ್ದುಪಡಿ ಇತ್ತು. "ಸವೆದಿದ್ದು ಸೂಜಿಯ ತಿರುಪು ಎಂದು ಸದನದಲ್ಲಿ ಬಾಯಿತಪ್ಪಿ ಹೇಳಿದ್ದೇನೆ. ಅದು ಬಟ್ಟೆ ಒತ್ತಿಹಿಡಿಯುವ ಪಾದದ ತಿರುಪು. ದಯವಿಟ್ಟು ಸರಿಪಡಿಸುವುದು." ನಗುತ್ತಾ ಸರಿಪಡಿಸಿದೆ. ಅಷ್ಟು ಅಗತ್ಯವಿತ್ತು.

ಕಾನೂನು ಜಾರಿಗೆ ಬಂದ ಮೊದಲ ದಿನ ಬೆಳಿಗ್ಗೆ ಭಾವ, ಅಕ್ಕ, ನಾನು ಆ ಬಟ್ಟೆ ಅಂಗಡಿಗೆ ಹೋದೆವು. ಪೊಲೀಸರು, ಪತ್ರಕರ್ತರು ಯಾರೂ ಬೇಡವೆಂದು ಭಾವ ಹಟ ಹಿಡಿದಿದ್ದರು. ಹಳೆಯ ಮಾಲೀಕರ ಮಗ ಈಗಿನ ಮಾಲೀಕ, ಒಳ್ಳೆಯ ಮನುಷ್ಯನೇ. ಕೈಮುಗಿದು ಮೂರನೆಯ ಮಹಡಿಗೆ ಕರೆದುಕೊಂಡು ಹೋದರು. ಬಟ್ಟೆ ಹರಡಿ ತೋರಿಸುವ ಪ್ರತಿಯೊಂದು ಕಟ್ಟೆಯ ಹಿಂದೆಯೂ ಹೊಚ್ಚ ಹೊಸ ಸ್ಟೂಲುಗಳು ಸಾಲಾಗಿದ್ದವು, ಮೇಲಿನ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಪಕ್ಕದಲ್ಲಿ ಹುಡುಗಿಯರು ನಿಂತಿದ್ದರು. ಗಿರಾಕಿಗಳು ಒಬ್ಬರೂ ಇರಲಿಲ್ಲ, ಆದರೂ ಒಬ್ಬಳೂ ಕೂತಿರಲಿಲ್ಲ.

"ಕೂತ್ಕೊಳ್ಳಿ ಅಂತ ಹೇಳಿದೀನಿ ಸಾರ್. ಕೂರಲ್ಲ ಅಂತಾರೆ," ಎಂದರು ಮಾಲೀಕ. ಸುಳ್ಳೇನೂ ಅಲ್ಲ. ಕೂತರೆ ನಾಳೆ ಏನಾಗುತ್ತದೋ ಎಂದು ಆ ಮುಖಗಳ ಮೇಲೆ ಬರೆದಿತ್ತು. ಎರಡು ಕಲಮು ಬರೆಸುವುದಕ್ಕೆ ಹನ್ನೆರಡು ವರ್ಷ ಹಿಡಿದಿತ್ತು, ಕೂರಿಸುವುದಕ್ಕೆ ಕಲಮಿರಲಿಲ್ಲ. "ಅದೇನಂದ್ರೆ ಅಮ್ಮ, ಈಗ ಕಾನೂನು ಅಂದ್ರೆ..." ಎಂದು ಭಾವ ಶುರು ಮಾಡಿ ನಡುವೆ ಕಳೆದುಹೋದರು.

ಅಕ್ಕ ಚಪ್ಪಲಿಯನ್ನು ಪಕ್ಕಕ್ಕೆ ಬಿಟ್ಟು, ಕಟ್ಟೆಯ ಕೊನೆಯ ಹಲಗೆಯನ್ನು ಎತ್ತಿ ಆಚೆಗೆ ಹೋದಳು. ಆ ಹಲಗೆ ಎಲ್ಲಿ ಎತ್ತಬೇಕೆಂದು ಅವಳ ಕೈಗೆ ಇನ್ನೂ ಗೊತ್ತಿತ್ತು. ಒಂದು ಸ್ಟೂಲು ಎಳೆದುಕೊಂಡು, ಪ್ಲಾಸ್ಟಿಕ್ಕು ಹರಿದುಹಾಕಿ, ಕೂತಳು. ಪೂರ್ತಿ ಭಾರ ಬಿಟ್ಟು ಕೂತಳು. ಎರಡೂ ಕೈ ಕಟ್ಟೆಯ ಮೇಲಿಟ್ಟು ಗಂಡನ ಮುಖ ನೋಡಿ ಕೇಳಿದಳು.

"ಬನ್ನಿ ಸಾರ್. ಏನ್ ತೋರಿಸ್ಲಿ?"

ಇಡೀ ಸದನವನ್ನು ಸಿಕ್ಕಿನಲ್ಲಿ ಕಟ್ಟಿಹಾಕುವ ಮನುಷ್ಯನಿಗೆ ಒಂದು ಪದ ಹೊರಡಲಿಲ್ಲ. ಕಡೆಗೆ ಹೇಗೋ "ಪರದೆ ಬಟ್ಟೆ" ಎಂದರು. ಎಂದವರೇ ಗೋಡೆಯ ಕಡೆ ತಿರುಗಿ ಕರವಸ್ತ್ರ ಹುಡುಕತೊಡಗಿದರು.

ಅಕ್ಕ ಪಕ್ಕದ ಹುಡುಗಿಯ ಕೈ ಹಿಡಿದು ಮೆತ್ತಗೆ ಕೆಳಕ್ಕೆ ಎಳೆದಳು. "ಪರದೆ ಬಟ್ಟೆ ನಿನ್ನ ಕಡೆ ಇರೋದು ತಾನೇ? ಕೂತೇ ತೋರಿಸು ಮಗಳೇ. ಕೈಗೆ ಸಿಗತ್ತೆ." ಆ ಹುಡುಗಿ ಮಾಲೀಕರನ್ನು ನೋಡಿದಳು. ಮಾಲೀಕರು ಮಂತ್ರಿಯನ್ನು ನೋಡಿದರು. ಮಂತ್ರಿ ಗೋಡೆ ನೋಡುತ್ತಿದ್ದರು. ಹುಡುಗಿ ಕೂತಳು. ಆಮೇಲೆ ಆಚೆ ಕಟ್ಟೆಯಲ್ಲಿ ಒಂದು ಸ್ಟೂಲು ಎಳೆದ ಸದ್ದಾಯಿತು, ಅದರಾಚೆ ಇನ್ನೊಂದು, ಆಮೇಲೆ ಮಹಡಿಯ ತುಂಬ. ನಾನು ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ.

ಹೊರಡೋಣವೆಂದರೆ ಅಕ್ಕ ಏಳಲೇ ಇಲ್ಲ. "ನೀವು ಹೋಗ್ರೀ, ನಾನು ಆಮೇಲೆ ಬರ್ತೀನಿ," ಎಂದಳು. ಅಂಗಡಿ ಮುಚ್ಚುವವರೆಗೂ ಅಲ್ಲಿಯೇ ಕೂತಿದ್ದು, ಹನ್ನೊಂದು ಗಿರಾಕಿಗಳಿಗೆ ಬಟ್ಟೆ ತೋರಿಸಿ, ಎಂಟು ಗಂಟೆಗೆ ನಡೆದುಕೊಂಡೇ ಮನೆಗೆ ಬಂದಳು.